ಬೂಟ್ ಆದ ಮೇಲಿನ ಮೊದಲ ಟ್ರೇಸ್‌ಗೇಕೆ ಇಷ್ಟು ತಡ?

ಲಿನಕ್ಸ್ ಯಂತ್ರ ಬೂಟ್ ಆದ ಕೂಡಲೇ ಬಿಪಿಎಫ್‌ಟ್ರೇಸ್ ಓಡಿಸಿ ನೋಡಿ. ಓಡುತ್ತಿರುವ ಕರ್ನಲ್‌ನಲ್ಲಿ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ, ಅಂದರೆ ಟ್ರೇಸ್ ಮಾಡುವ, ಟೂಲ್ ಇದು. ಎಂಟರ್ ಒತ್ತಿದ ಮೇಲೆ ಕರ್ಸರ್ ಸುಮ್ಮನೆ ಮಿನುಗುತ್ತಿರುತ್ತದೆ, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಕೆಲವು ಸೆಕೆಂಡ್‌ಗಳೇ ಹಿಡಿಯುತ್ತವೆ. ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ತಟ್ಟನೆ ಶುರುವಾಗುತ್ತದೆ. ಕರ್ನಲ್ ಮೇಲೆ ಅನುಮಾನ ಪಡಬೇಡಿ. ತಡ ಬಹುಪಾಲು ಡಿಸ್ಕ್‌ನದು.

ನೀವು ಬರೆದ ಒಂದು ಸಾಲಿನ ಸ್ಕ್ರಿಪ್ಟನ್ನು ಕರ್ನಲ್ ಒಳಗೆ ಓಡುವ ಬಿಪಿಎಫ್ ಕೋಡ್ ಮಾಡಲು ಈ ಟೂಲ್‌ಗೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಲೈಬ್ರರಿ ಬೇಕು. ಅದೊಂದೇ ಸಾಮಾನ್ಯವಾಗಿ 100 ಎಂಬಿ ಆಸುಪಾಸು. ಕರ್ನಲ್ ಅದನ್ನು ಪೂರ್ತಿ ಓದುವುದಿಲ್ಲ. ಪ್ರೋಗ್ರಾಂ ಮುಟ್ಟಿದ 4 ಕೆಬಿ ಪೇಜ್ ರ್‍ಯಾಮ್‌ನಲ್ಲಿ ಇಲ್ಲದಿದ್ದರೆ ಮೇಜರ್ ಪೇಜ್ ಫಾಲ್ಟ್ ಆಗಿ, ಅದು ಡಿಸ್ಕ್‌ನಿಂದ ಬರುವ ತನಕ ಪ್ರೋಗ್ರಾಂ ನಿಲ್ಲುತ್ತದೆ. ಅಕ್ಕಪಕ್ಕದ ಪೇಜ್‌ಗಳೂ ಜೊತೆಗೆ ಬರುತ್ತವೆ, ನಿಜ. ಆದರೆ ಬೇಕಾದ ಭಾಗಗಳು ಫೈಲಿನ ತುಂಬ ಚದುರಿವೆ. 7200 ಆರ್‌ಪಿಎಂ ಡಿಸ್ಕ್‌ನ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್. ಹೆಡ್ ಸರಿಯುವುದೂ ಸೇರಿ ಒಂದು ಓದಿಗೆ 10 ಎಂದಿಟ್ಟುಕೊಂಡರೆ, 300 ಓದಿಗೆ 3 ಸೆಕೆಂಡ್. ಬೂಟ್ ಹೊತ್ತಿನಲ್ಲಿ ಉಳಿದ ಸರ್ವಿಸ್‌ಗಳೂ ಅದೇ ಡಿಸ್ಕ್‌ಗೆ ಸಾಲು ನಿಂತಿರುತ್ತವೆ. ಒಮ್ಮೆ ಓದಿದ್ದು ಮೆಮೊರಿಯ ಪೇಜ್ ಕ್ಯಾಶ್‌ನಲ್ಲಿ ಉಳಿಯುವುದರಿಂದ ಎರಡನೆಯ ಓಟಕ್ಕೆ ಡಿಸ್ಕ್‌ನ ಗೊಡವೆಯಿಲ್ಲ.

ಖಚಿತ ಮಾಡಿಕೊಳ್ಳುವುದು ಸುಲಭ. ಬಿಗಿನ್ ಪ್ರೋಬ್‌ನಲ್ಲೇ (ಟ್ರೇಸ್ ಶುರುವಾದೊಡನೆ ಓಡುವ ಭಾಗ) ಎಕ್ಸಿಟ್ ಆಗುವ ಖಾಲಿ ಸ್ಕ್ರಿಪ್ಟನ್ನು ಟೈಮ್ ಕಮಾಂಡ್ ಜೊತೆ ಓಡಿಸಿ. ಸಿಪಿಯು ದುಡಿದ ಹೊತ್ತಾದ ‘ಯೂಸರ್’, ‘ಸಿಸ್’ ಎರಡನ್ನೂ ಕೂಡಿಸಿದರೂ ಗಡಿಯಾರದ ಹೊತ್ತಾದ ‘ರಿಯಲ್’ ಅದಕ್ಕಿಂತ ಎಷ್ಟೋ ಹೆಚ್ಚಿದ್ದರೆ ಸಿಪಿಯು ದುಡಿದಿಲ್ಲ, ಕಾದಿದೆ. ಗ್ನೂ ಟೈಮ್‌ಗೆ ಹೈಫನ್-ವಿ ಕೊಟ್ಟರೆ ಮೇಜರ್ ಫಾಲ್ಟ್‌ಗಳ ಎಣಿಕೆಯೂ ಸಿಗುತ್ತದೆ. ಎರಡನೆಯ ಓಟದಲ್ಲಿ ಅದು ಸೊನ್ನೆಯ ಹತ್ತಿರ ಇಳಿಯಬೇಕು. ರೀಬೂಟ್ ಮಾಡದೆ ಮತ್ತೆ ನೋಡಬೇಕಿದ್ದರೆ ಸಿಂಕ್ ಕಮಾಂಡ್ ಕೊಟ್ಟು, ಕ್ಯಾಶ್ ಖಾಲಿ ಮಾಡಿಸುವ ಕರ್ನಲ್‌ನ ಡ್ರಾಪ್ ಕ್ಯಾಶಸ್ ಫೈಲಿಗೆ 3 ಬರೆಯಿರಿ. ಜನ ಬಳಸುತ್ತಿರುವ ಸರ್ವರ್‌ನಲ್ಲಿ ಮಾತ್ರ ಈ ಪ್ರಯೋಗ ಬೇಡ, ಎಲ್ಲ ಪ್ರೋಗ್ರಾಂಗಳ ಕ್ಯಾಶ್ ಒಟ್ಟಿಗೆ ಖಾಲಿಯಾಗುತ್ತದೆ.

ಎರಡನೆಯ ಓಟವೂ ನಿಧಾನವೇ? ಹಾಗಾದರೆ ಕಾಯಿಲೆ ಬೇರೆ. ಕೆಪ್ರೋಬ್‌ಗೆ (ಕರ್ನಲ್ ಫಂಕ್ಷನ್‌ಗೆ ಅಂಟುವ ಪ್ರೋಬ್) ನಕ್ಷತ್ರ ಚಿಹ್ನೆ ಹಾಕಿ ನೂರಾರು ಫಂಕ್ಷನ್‌ಗಳನ್ನು ಹಿಡಿದಿದ್ದೀರಾ ನೋಡಿ, ಹೆಸರುಗಳನ್ನು ಕಡಿಮೆ ಮಾಡಿ.

ಪ್ರೋಬ್ ಅಂಟುವ ಮುಂಚೆ ನಡೆದ ಘಟನೆಗಳು ನಿಮಗೆ ಕಾಣಿಸುವುದೇ ಇಲ್ಲ, ಹಾಗಾಗಿ ಆ ಖಾಲಿ ಸ್ಕ್ರಿಪ್ಟನ್ನು ಬೂಟ್‌ನ ಕೊನೆಗೆ, ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿ ಮೂಲಕ ಒಮ್ಮೆ ಓಡಿಸಿಡುವುದು ಒಳ್ಳೆಯದು. ರ್‍ಯಾಮ್ ಕಡಿಮೆಯಾದಾಗ ಕರ್ನಲ್ ಆ ಪೇಜ್‌ಗಳನ್ನು ಬಿಟ್ಟುಬಿಡಬಹುದು. ವಿಎಂಟಚ್ ಎಂಬ ಟೂಲ್‌ನಿಂದ ಅವನ್ನು ಮೆಮೊರಿಯಲ್ಲೇ ಲಾಕ್ ಮಾಡಲು ಬರುತ್ತದೆ, ಆದರೆ 1 ಜಿಬಿ ಯಂತ್ರದಲ್ಲಿ ಅಷ್ಟು ಜಾಗ ಕಟ್ಟಿಹಾಕುವುದು ದುಬಾರಿ.