ಕೈಗುಣದ ಕಸುವು ಕಾಲಿನಲ್ಲಿ

ನನ್ನ ಬಲಗೈ ಹೆಬ್ಬೆರಳು ಕೈಕೊಟ್ಟಿದ್ದು ಫಿಸಿಯೊಥೆರಪಿ ವೃತ್ತಿಗೆ ಇಳಿದ ಹನ್ನೊಂದನೇ ವರ್ಷ. ಮೊದಲು ಬಾಟಲಿ ಮುಚ್ಚಳ ತಿರುಗಿಸುವಾಗ ಬುಡದಲ್ಲಿ ಚುಳ್ಳೆಂದಿತು. ಆಮೇಲೆ ಚಪಾತಿ ಹಿಟ್ಟು ನಾದುವಾಗ. ಕೊನೆಕೊನೆಗೆ ರೋಗಿಯ ಭುಜದ ಮೇಲೆ ಬೆರಳಿಡುವ ಮೊದಲೇ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ದಿನಕ್ಕೆ ಹದಿಮೂರು ಹದಿನಾಲ್ಕು ಜನರ ಕತ್ತು, ಬೆನ್ನು ಒತ್ತುವವರಿಗೆ ಇದೇನು ಹೊಸ ಕಾಯಿಲೆಯಲ್ಲ. ಹೆಬ್ಬೆರಳ ತುದಿಯಲ್ಲಿ ಒಂದು ಕಿಲೊ ಬಲ ಹಾಕಿ ಚಿವುಟಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೊದಷ್ಟು ಬೀಳುತ್ತದೆ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಆ ಕೀಲು ನನ್ನದೂ ಆಗಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ಆಗ ಸಿಂಗಪುರದಲ್ಲಿದ್ದೆ, ವಯಸ್ಸಾದವರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ. ಅಲ್ಲಿಗೆ ವಾರಕ್ಕೆರಡು ದಿನ ತುಯ್ನಾ ಮಾಡಲು ಒಬ್ಬ ಚೀನೀ ಹೆಂಗಸು ಬರುತ್ತಿದ್ದರು. ತುಯ್ನಾ ಅಂದರೆ ಚೀನೀ ವೈದ್ಯದ ಅಂಗಮರ್ದನ: ಒತ್ತುವುದು, ಉಜ್ಜುವುದು, ಉರುಳಿಸುವುದು. ವಯಸ್ಸು ಎಪ್ಪತ್ತರ ಹತ್ತಿರ. ಊರಿನವರೆಲ್ಲ ಕರೆಯುವ ಹಾಗೆ ನಾನೂ ಆಂಟಿ ಅನ್ನುತ್ತಿದ್ದೆ. ಮೂವತ್ತೈದು ವರ್ಷ ಜನರ ಮೈ ಒತ್ತಿದ ಅವರ ಬೆರಳುಗಳು ಹೊಸ ಹುಡುಗಿಯ ಬೆರಳಿನಂತಿದ್ದವು. ಗುಟ್ಟೇನು ಎಂದು ಕೇಳಿದೆ. ನನ್ನ ಹೆಬ್ಬೆರಳನ್ನು ಅವರು ಮುಟ್ಟಲೂ ಇಲ್ಲ. ಶೂ ಬಿಚ್ಚಿಸಿ, ಗೋಡೆಯ ಪಕ್ಕ ನಿಲ್ಲಿಸಿ, ಪಾದವನ್ನೇ ನೋಡಿದರು. ಆಮೇಲೆ ಅಂದರು, "ಇಷ್ಟು ವರ್ಷ ಕಾಲೇ ಇಲ್ಲದೆ ಕೆಲಸ ಮಾಡಿದ್ದೀಯಲ್ಲ, ಬೆರಳು ಪಾಪ ಏನು ಮಾಡುತ್ತೆ?"

ಚಿಗಾಂಗ್ ಎಂಬ ಚೀನೀ ಉಸಿರಾಟದ ವ್ಯಾಯಾಮವನ್ನು ನಾನು ಕಲಿತದ್ದು ಹೀಗೆ. ಚೀನಾದ ಯಾವ ಬೆಟ್ಟದ ಮಠಕ್ಕೂ ಹೋಗಿ ಅಲ್ಲ, ಬೆರಳು ನೋವಿಗೆ ಪರಿಹಾರ ಹುಡುಕಿಕೊಂಡು.

ಬೆಂಗಳೂರಿನ ನನ್ನ ಕ್ಲಿನಿಕ್ಕಿನಲ್ಲಿ ಈ ಹೆಸರು ಕೇಳಿದವರು ಕೇಳುವ ಮೊದಲ ಪ್ರಶ್ನೆ, "ಮೇಡಂ, ಎನರ್ಜಿ ಕೊಡ್ತೀರಾ?" ಅದಕ್ಕೆ ಬರುತ್ತೇನೆ. ಮೊದಲು ಪದ. ಚಿ ಎಂಬುದಕ್ಕೆ ಚೀನೀಯರ ಹಳೆಯ ಅಕ್ಷರದಲ್ಲಿ ಮೇಲೆ ಹಬೆ ಇದೆ, ಕೆಳಗೆ ಅಕ್ಕಿ ಇದೆ. ಅನ್ನ ಬೇಯುವಾಗ ಏಳುವ ಹಬೆಯನ್ನು ನೋಡಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಅನ್ನಮಯದ ಮೇಲೆ ಪ್ರಾಣಮಯವನ್ನಿಟ್ಟ ನಮ್ಮ ಉಪನಿಷತ್ತಿನವರಿಗಂತೂ ಬೇಡವೇ ಬೇಡ. ಹಾಗೆಂದು ಚಿ ಅಂದರೆ ಪ್ರಾಣ ಎಂದು ಸಲೀಸಾಗಿ ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಚೀನೀ ಮಾತಿನಲ್ಲಿ ಹವೆ, ಸಿಟ್ಟು, ಉಸಿರು, ಮುಖದ ಕಳೆ ಎಲ್ಲಕ್ಕೂ ಚಿ ಬರುತ್ತದೆ. ಗಾಂಗ್ ಅಂದರೆ ದುಡಿಮೆಯಿಂದ ಬಂದ ಪಳಗು, ಕುಂಗ್‌ಫುವಿನ ಕುಂಗ್ ಇದೇ. ಉಸಿರನ್ನು ಪಳಗಿಸುವ ಕೆಲಸ ಎಂದರೆ ಸಾಕು.

ಆಂಟಿ ನನಗೆ ಕೊಟ್ಟ ಮೊದಲ ಪಾಠದಲ್ಲಿ ಒಂದೂ ಚಲನೆಯಿರಲಿಲ್ಲ. ಜಾನ್ ಜ್ವಾಂಗ್, ಕಂಬದಂತೆ ನಿಲ್ಲುವುದು. ಪಾದಗಳ ನಡುವೆ ಭುಜದಷ್ಟು ಅಂತರ, ಬೆರಳುಗಳು ನೇರ ಮುಂದಕ್ಕೆ. ಮಂಡಿ ಮಡಚಿದೆಯೋ ಇಲ್ಲವೋ ಅನ್ನುವಷ್ಟು ಮಡಚಬೇಕು. ಬಾಲಮೂಳೆಗೆ ಒಂದು ಸಣ್ಣ ತೂಕ ಕಟ್ಟಿ ನೆಲಕ್ಕೆ ಇಳಿಬಿಟ್ಟ ಹಾಗೆ ಸೊಂಟ ಸಡಿಲ. ತೋಳುಗಳು ಎದೆಯ ಮುಂದೆ, ಹಲಸಿನ ಮರವನ್ನು ಅಪ್ಪಿದಂತೆ (ಹಲಸು ನನ್ನ ಸೇರ್ಪಡೆ, ಅವರು ಬರೀ ಮರ ಅಂದಿದ್ದರು). ಮೊಣಕೈ ಭುಜಕ್ಕಿಂತ ಕೆಳಗೆ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ. ಮನಸ್ಸು ಹೊಕ್ಕುಳ ಕೆಳಗಿನ ದಾನ್‌ತಿಯೆನ್‌ನಲ್ಲಿ. ದಾನ್ ಅಂದರೆ ಸಿದ್ಧೌಷಧ, ತಿಯೆನ್ ಅಂದರೆ ಗದ್ದೆ. ಅಷ್ಟೇ, ನಿಲ್ಲು.

ಮೊದಲ ನಿಮಿಷ ಏನೂ ಆಗುವುದಿಲ್ಲ. ಎರಡನೇ ನಿಮಿಷಕ್ಕೆ ಭುಜ ಕಿವಿಯ ಕಡೆಗೆ ಏರುತ್ತಿರುವುದು ಗೊತ್ತಾಗುತ್ತದೆ. ಮೂರನೇ ನಿಮಿಷಕ್ಕೆ ತೊಡೆ ನಡುಗಲು ಶುರು. ನಡುಕ ನಿಲ್ಲಿಸಲು ಉಸಿರು ಕಟ್ಟುತ್ತೇವೆ, ಉಸಿರು ಕಟ್ಟಿದ ಕೂಡಲೇ ಭುಜ ಇನ್ನಷ್ಟು ಏರುತ್ತದೆ. ಅಷ್ಟೂ ವರ್ಷ ರೋಗಿಯ ಬೆನ್ನಿನ ಮೇಲೆ ಬಗ್ಗಿ ನಾನು ಮಾಡುತ್ತಿದ್ದದ್ದು ಸರಿಯಾಗಿ ಇದನ್ನೇ: ಉಸಿರು ಕಟ್ಟಿ, ಭುಜ ಏರಿಸಿ, ಮೈಯ ಭಾರ ಹಾಕುವ ಬದಲು ಹೆಬ್ಬೆರಳಿನಿಂದ ತಳ್ಳುವುದು. ಅಲ್ಲಾಡದೆ ನಿಂತಾಗ ಆ ಚಾಳಿ ಅಡಗಿಕೊಳ್ಳಲು ಜಾಗ ಇರಲಿಲ್ಲ.

ಅಂಗಮರ್ದನದವರಿಗೆ ಇದು ಹವ್ಯಾಸವಲ್ಲ, ವಿದ್ಯಾಭ್ಯಾಸ. ತುಯ್ನಾ ಕಲಿಯುವವರು ರೋಗಿಯನ್ನು ಮುಟ್ಟುವ ಮುಂಚೆ ಈ ಬಗೆಯ ನಿಲುವುಗಳನ್ನು, ಈಜಿನ್‌ಜಿಂಗ್ ಎಂಬ ಸ್ನಾಯುರಜ್ಜು ಪಳಗಿಸುವ ವ್ಯಾಯಾಮವನ್ನು ಮಾಡಬೇಕು. ಜೊತೆಗೆ ಅಕ್ಕಿ ಚೀಲ. ಬಟ್ಟೆಯ ಪುಟ್ಟ ಚೀಲದಲ್ಲಿ ಅಕ್ಕಿ ತುಂಬಿ, ಮೇಜಿನ ಮೇಲಿಟ್ಟು, ಹೆಬ್ಬೆರಳ ತುದಿಯನ್ನು ಒಂದೇ ಕಡೆ ಊರಿ, ಮಣಿಕಟ್ಟನ್ನು ಆಚೀಚೆ ತೂಗಿಸುತ್ತಾ ಹೋಗುವುದು. ಈ ಪದ್ಧತಿಗೆ 'ಒಂದು ಬೆರಳಿನ ಚಾನ್' ಎಂದು ಹೆಸರು. ಚಾನ್ ನಮ್ಮ ಧ್ಯಾನದ್ದೇ ಚೀನೀ ರೂಪ. ವೇಗ ನಿಮಿಷಕ್ಕೆ 120ರಿಂದ 160. ನಾನು ಮೊದಲ ದಿನ ನಲವತ್ತು ಸೆಕೆಂಡು ತಡೆದೆ. ಆಂಟಿ ಪಕ್ಕದಲ್ಲಿ ಕೂತು ಮಗಳ ಮದುವೆಯ ಕತೆ ಹೇಳುತ್ತಾ ಹದಿನೈದು ನಿಮಿಷ ಎಡೆಬಿಡದೆ ತೂಗಿದರು. ಭುಜ ಸೋತಂತಿತ್ತು, ಮೊಣಕೈ ಜೋತಿತ್ತು, ಬೆರಳು ಮಾತ್ರ ಅಕ್ಕಿಯ ಮೇಲೆ ಕದಲದೆ ನಿಂತಿತ್ತು. ಒತ್ತಡ ಎಲ್ಲಿಂದ ಬರುತ್ತಿದೆ ಎಂದು ನೋಡಿದರೆ, ಅವರ ಪಾದ ನೆಲವನ್ನು ಒತ್ತುತ್ತಿತ್ತು.

ಇದೆಲ್ಲ ಐದು ಸಾವಿರ ವರ್ಷ ಹಳೆಯದು ಎಂದು ಚಿಗಾಂಗ್ ತರಗತಿಯವರು ಹೇಳುತ್ತಾರೆ. ಅರ್ಧ ನಿಜ. ಹುನಾನ್ ಪ್ರಾಂತ್ಯದ ಚಾಂಗ್‌ಶಾ ಬಳಿಯ ಮಾವಾಂಗ್‌ದ್ವೇ ಗೋರಿಯಲ್ಲಿ 1973ರಲ್ಲಿ ಒಂದು ರೇಷ್ಮೆ ಚಿತ್ರಪಟ ಸಿಕ್ಕಿತು. ಗೋರಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಪಟದಲ್ಲಿ ವ್ಯಾಯಾಮ ಮಾಡುತ್ತಿರುವ 44 ಜನರಿದ್ದಾರೆ, ಗಂಡಸರು, ಹೆಂಗಸರು, ಮುದುಕರು. ಕೆಲವರ ಪಕ್ಕ ಯಾವ ಬಾಧೆಗೆ ಯಾವ ಭಂಗಿ ಎಂದು ಬರೆದಿದೆ, ಒಂದು ಮಂಡಿನೋವಿಗೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಫಿಸಿಯೊಥೆರಪಿ ಚಾರ್ಟನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಚಿಗಾಂಗ್ ಎಂಬ ಒಂದೇ ಹೆಸರಿನಡಿ ಇವನ್ನೆಲ್ಲ ಒಟ್ಟುಮಾಡಿ ಆಸ್ಪತ್ರೆಯೊಳಗೆ ತಂದದ್ದು 20ನೇ ಶತಮಾನದ ನಡುವೆ. ಹೆಬೇ ಪ್ರಾಂತ್ಯದ ಲ್ಯು ಗ್ವೇಜನ್ ಎಂಬ ಯುವ ಕಮ್ಯುನಿಸ್ಟ್ ಕಾರ್ಯಕರ್ತರಿಗೆ ಜಠರದ ಹುಣ್ಣು. ಊರಿಗೆ ಹೋಗಿ, ಮನೆತನದಿಂದ ಬಂದ ಉಸಿರಾಟದ ಸಾಧನೆ ಗೊತ್ತಿದ್ದ ಹಿರಿಯರ ಬಳಿ ಕಲಿತು ಗುಣವಾದರು. ಪಕ್ಷ ಇದನ್ನು ಜನರಿಗೆ ಕಲಿಸಬಹುದೆಂದಿತು, ಆದರೆ ದೇವರು ಗುರು ಮಂತ್ರಗಳನ್ನು ಕಳಚಿ. ಹಳೆಯ ಜಪದ ಸಾಲಿನ ಜಾಗಕ್ಕೆ ಆರೋಗ್ಯಕ್ಕಾಗಿ ಕೂರುತ್ತೇನೆ ಎಂಬರ್ಥದ ಸಾದಾ ವಾಕ್ಯ ಬಂತು. 1950ರ ದಶಕದಲ್ಲಿ ತಾಂಗ್‌ಶಾನ್‌ನಲ್ಲೂ ಸಮುದ್ರ ತೀರದ ಬೇದಾಯ್‌ಹೆಯಲ್ಲೂ ಚಿಗಾಂಗ್ ಆರೋಗ್ಯಧಾಮಗಳು ತೆರೆದವು. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಅದೇ ಲ್ಯು ಅಪರಾಧಿಯಾದರು, ಚಿಗಾಂಗ್ ಮೂಢನಂಬಿಕೆಯಾಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸಿದ ಯೋಗ ಹೇಗೆ ಹಳತೂ ಹೌದೋ ಹೊಸತೂ ಹೌದೋ, ಇದೂ ಹಾಗೆಯೇ.

ಬೋಧಿಧರ್ಮನ ವಿಷಯ ಬಿಟ್ಟರೆ ವಾಟ್ಸಾಪ್ ಬಂಧುಗಳು ಬಿಡುವುದಿಲ್ಲ. ದಕ್ಷಿಣ ಭಾರತದ ಈ ರಾಜಕುಮಾರ ಚೀನಾದ ಶಾವೊಲಿನ್ ಬೌದ್ಧ ಮಠಕ್ಕೆ ಹೋಗಿ ಈಜಿನ್‌ಜಿಂಗ್ ಕಲಿಸಿದ ಎಂಬ ಕತೆ ಚೆನ್ನಾಗಿದೆ. ಆದರೆ ಆ ಗ್ರಂಥ ಕಾಣಿಸಿಕೊಳ್ಳುವುದು 17ನೇ ಶತಮಾನದಲ್ಲಿ, ಬೋಧಿಧರ್ಮ ಇದ್ದಿರಬಹುದಾದ ಕಾಲದ ಸಾವಿರ ವರ್ಷ ಆಚೆಗೆ. ಅದರ ಮುನ್ನುಡಿ ಹಿಂದಿನವರ ಹೆಸರಲ್ಲಿ ಯಾರೋ ಕಟ್ಟಿದ್ದು ಎಂದು ಚೀನೀ ವಿದ್ವಾಂಸರೇ ತೋರಿಸಿದ್ದಾರೆ.

ಈಗ ಎನರ್ಜಿ ಪ್ರಶ್ನೆ. 1980ರ ದಶಕದಲ್ಲಿ ಚೀನಾಕ್ಕೆ ಚಿಗಾಂಗ್ ಜ್ವರವೇ ಬಂದಿತ್ತು. ಕ್ರೀಡಾಂಗಣ ತುಂಬ ಜನ, ವೇದಿಕೆಯಿಂದ ಗುರುಗಳು ವಾಯ್ ಚಿ, ಅಂದರೆ ಹೊರಗೆ ಹರಿಸುವ ಚಿ, ಬಿಡುತ್ತಿದ್ದರು. 1987ರಲ್ಲಿ ಈಶಾನ್ಯ ಚೀನಾದ ಭಾರೀ ಕಾಡ್ಗಿಚ್ಚನ್ನು ದೂರದಿಂದಲೇ ಆರಿಸಿದ ಖ್ಯಾತಿ ಪಡೆದವರೂ ಇದ್ದರು. 1988ರಲ್ಲಿ ಜಾದೂಗಾರ ಜೇಮ್ಸ್ ರಾಂಡಿ ಇದ್ದ ಅಮೆರಿಕದ ವಿಚಾರವಾದಿಗಳ ತಂಡ ಹೋಗಿ ಒಂದು ಸರಳ ಪರೀಕ್ಷೆ ಮಾಡಿತು. ಗುರು ಒಂದು ಕೋಣೆಯಲ್ಲಿ, ರೋಗಿ ಇನ್ನೊಂದರಲ್ಲಿ. ಚಿ ಬಿಡಬೇಕೋ ಬೇಡವೋ ಎಂಬುದು ನಾಣ್ಯ ಚಿಮ್ಮಿ ತೀರ್ಮಾನ. ರೋಗಿಯ ಮೈ ಹೊರಳಾಡಿತು ನಿಜ. ಗುರು ಚಿ ಬಿಟ್ಟಾಗಲೂ, ಬಿಡದಿದ್ದಾಗಲೂ. 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದ ಎಚ್. ನರಸಿಂಹಯ್ಯನವರ ಊರಿನವರಾದ ನಮಗೆ ಇದು ಆಶ್ಚರ್ಯ ತರಬಾರದು. ಆದ್ದರಿಂದ ಕ್ಲಿನಿಕ್ಕಿನಲ್ಲಿ ನನ್ನ ಉತ್ತರ: ಇಲ್ಲ, ನಾನು ಎನರ್ಜಿ ಕೊಡುವುದಿಲ್ಲ. ನಿಂತುಕೊಳ್ಳಿ, ತೋರಿಸುತ್ತೇನೆ.

ತೋರಿಸುವುದು ಹೆಚ್ಚಾಗಿ ಬಾದ್ವಾನ್‌ಜಿನ್ ಎಂಬ ಎಂಟು ಚಲನೆಗಳ ಸಾಲು. ಎಂಟು ತುಂಡು ಕಸೂತಿ ರೇಷ್ಮೆ ಎಂದು ಹೆಸರು, ಸೋಂಗ್ ರಾಜರ ಕಾಲದಿಂದ ಬಂದದ್ದು. ಮೊದಲ ತುಂಡು ಎರಡೂ ಕೈಯಲ್ಲಿ ಆಕಾಶ ಹಿಡಿಯುವುದು. ಬೆರಳು ಹೆಣೆದು, ಉಸಿರೆಳೆಯುತ್ತಾ ಮೇಲೆತ್ತಿ, ಅಂಗೈ ಮೇಲಕ್ಕೆ ತಿರುಗಿಸಿ, ಒಂದು ಕ್ಷಣ ತಡೆದು, ಉಸಿರು ಬಿಡುತ್ತಾ ಪಕ್ಕದಿಂದ ಇಳಿಸುವುದು. ಭುಜ ಸೆಟೆದುಕೊಂಡು ಬಂದ ಒಬ್ಬ ನಿವೃತ್ತ ಬಸ್ ಕಂಡಕ್ಟರಿಗೆ ಬೆರಳಿನಿಂದ ಗೋಡೆ ಹತ್ತುವ ಏಣಿ ವ್ಯಾಯಾಮ ಕೊಟ್ಟರೆ ಹಲ್ಲು ಕಚ್ಚಿ ಮಾಡುತ್ತಿದ್ದರು, ಭುಜ ಮತ್ತಷ್ಟು ಬಿಗಿಯುತ್ತಿತ್ತು. ಇದನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಹಣೆಯ ಮಟ್ಟಕ್ಕೆ ಬಂದರೆ ಸಾಕು ಎಂದು ಮಾಡಿಸಿದೆ. ಉಸಿರಿನ ಲೆಕ್ಕ ಇಡುವ ಗಡಿಬಿಡಿಯಲ್ಲಿ ನೋವಿಗೆ ಹೆದರುವುದನ್ನು ಮರೆತರು. ಮೂರನೇ ವಾರ ಬಂದು, "ಮೇಡಂ, ಶರ್ಟು ನಾನೇ ಹಾಕ್ಕೊಂಡೆ," ಅಂದರು. ಚಿಗಾಂಗ್ ಒಂದರಿಂದಲೇ ಗುಣ ಅನ್ನಲಾರೆ. ಬೇರೆ ಚಿಕಿತ್ಸೆಯೂ ನಡೆದಿತ್ತು, ಹಿಡಿದ ಭುಜ ಕಾಲಕ್ರಮದಲ್ಲಿ ತಾನೂ ಸಡಿಲವಾಗುತ್ತದೆ.

ಪುರಾವೆಯ ಮಾತಿಗೆ ಬಂದರೆ, ಚಿಗಾಂಗ್‌ನ ಅಧ್ಯಯನಗಳಲ್ಲಿ ಬಹಳಷ್ಟು ಸಣ್ಣವು. ತಾನು ಮಾಡುತ್ತಿರುವುದು ಏನೆಂದು ರೋಗಿಗೆ ಗೊತ್ತಾಗದಂತೆ ಪರೀಕ್ಷಿಸಲು ಇಲ್ಲಿ ದಾರಿಯೂ ಇಲ್ಲ. ಅದರ ದಾಯಾದಿ, ನಿಧಾನ ಚಲನೆಗಳ ತಾಯ್ ಚಿ ಮೇಲೆ ಗಟ್ಟಿ ಕೆಲಸವಾಗಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಪಾರ್ಕಿನ್ಸನ್ ಇರುವ 195 ಜನ, ವಾರಕ್ಕೆರಡು ಸಲ, 24 ವಾರ. ತಾಯ್ ಚಿ ಮಾಡಿದವರ ಸಮತೋಲ ಸುಧಾರಿಸಿತು, ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಬೀಳುವುದು ಕಡಿಮೆಯಾಯಿತು. ನಿಮಿಷಕ್ಕೆ ಆರರಷ್ಟು ನಿಧಾನ ಉಸಿರಾಟ ಹೃದಯದ ಬಡಿತದ ಏರಿಳಿತವನ್ನು ಹಿಗ್ಗಿಸುತ್ತದೆ ಎಂಬುದೂ ಚೆನ್ನಾಗಿ ಗೊತ್ತಿರುವುದೇ, ಪ್ರಾಣಾಯಾಮದಲ್ಲೂ ಆಗುವುದು ಅದೇ.

ಚಿಕಿತ್ಸೆ ಕೊಡುವವರಲ್ಲಿ ಇನ್ನೊಂದು ನಂಬಿಕೆಯಿದೆ: ಬಿಂಗ್ ಚಿ, ರೋಗದ ಚಿ. ರೋಗಿಯಿಂದ ಅದು ನಮಗೆ ಅಂಟುತ್ತದಂತೆ. ನಮ್ಮಲ್ಲಿ ದೃಷ್ಟಿ ತಗಲುವ ಹಾಗೆ. ಆಂಟಿ ಪ್ರತಿ ರೋಗಿ ಎದ್ದ ಮೇಲೆ ಕೈಯನ್ನು ನೆಲದ ಕಡೆಗೆ ಮೂರು ಸಲ ಕೊಡವಿ, ನಲ್ಲಿ ಬಿಟ್ಟು ಮೊಣಕೈವರೆಗೆ ತೊಳೆದು, ಕಿಟಕಿಯ ಹತ್ತಿರ ನಿಂತು ಮೂರು ಉಸಿರು ತಗೊಳ್ಳುತ್ತಿದ್ದರು. ನಾನು ಒಳಗೊಳಗೇ ನಕ್ಕಿದ್ದೆ. ಊರಿಗೆ ಬಂದು ಕ್ಲಿನಿಕ್ ತೆರೆದು, ಸಂಜೆ ಏಳರ ಹೊತ್ತಿಗೆ ಮನೆಯವರ ಮೇಲೆ ಸಿಡುಕತೊಡಗಿದಾಗ ನೆನಪಾಯಿತು. ಮಗನನ್ನು ಕಳೆದುಕೊಂಡ ತಾಯಿಯ ಕತ್ತು ಒತ್ತಿ ಮುಗಿಸಿದ ಮರುನಿಮಿಷವೇ ಇನ್ನೊಬ್ಬರ ಮಂಡಿ ಹಿಡಿಯುತ್ತಿದ್ದೆ. ಅಂಟುವುದು ಚಿಯೇ ಆಗಬೇಕಿಲ್ಲ. ಈಗ ನಾನೂ ಕೊಡವುತ್ತೇನೆ, ತೊಳೆಯುತ್ತೇನೆ, ಮೂರು ಉಸಿರು ನಿಲ್ಲುತ್ತೇನೆ. ಒಂದೂವರೆ ನಿಮಿಷ. ಆ ಹೊತ್ತಿಗೆ ರಿಸೆಪ್ಷನ್ ಹುಡುಗಿ ಬಾಗಿಲು ತೆಗೆಯುವಂತಿಲ್ಲ.

ಎಚ್ಚರಿಕೆ ಹೇಳಲೇಬೇಕಾದದ್ದು ಒಂದಿದೆ. ಗಂಟೆಗಟ್ಟಲೆ, ಗುರುವಿಲ್ಲದೆ, ಮೈಯಲ್ಲಿ ಏನೋ ಹರಿಯುತ್ತಿದೆ ಎಂದು ಹುಡುಕುತ್ತಾ ಕೂತವರಿಗೆ ಮನಸ್ಸು ಕೆಟ್ಟದ್ದುಂಟು. ಚೀನೀ ವೈದ್ಯರು ಇದನ್ನು ಚಿಗಾಂಗ್‌ನ ಅಡ್ಡದಾರಿ ಎಂದು ಗುರುತಿಸಿದ್ದಾರೆ. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಇದನ್ನು ಹೆಸರಿಸಿತು. ಹಿಂದೆ ಮನೋರೋಗ ಇದ್ದವರಿಗೆ ನಾನು ಕಣ್ಣು ಮುಚ್ಚಿ ನಿಲ್ಲಿಸುವುದೇ ಇಲ್ಲ. ಮಂಡಿ ಸವೆದವರು ತಗ್ಗಾಗಿ ಕೂರಬಾರದು, ತಲೆ ಸುತ್ತುವವರು ಬಾದ್ವಾನ್‌ಜಿನ್‌ನ ತಲೆ ತಿರುಗಿಸುವ ಐದನೇ ತುಂಡನ್ನು ಬಿಡಬೇಕು. ಮಾತ್ರೆ ನಿಲ್ಲಿಸಿ ಎನ್ನುವ ಗುರು ಸಿಕ್ಕರೆ ಅಲ್ಲಿಂದಲೇ ಚಪ್ಪಲಿ ಮೆಟ್ಟಿ ಹೊರಡಿ.

ನನ್ನ ಹೆಬ್ಬೆರಳು ಪೂರ್ತಿ ಹೊಸದಾಗಿಲ್ಲ, ಮಳೆಗಾಲದಲ್ಲಿ ಈಗಲೂ ಗೊಣಗುತ್ತದೆ. ಬೆಳಿಗ್ಗೆ ಎಂಟೂಕಾಲಕ್ಕೆ ಕ್ಲಿನಿಕ್ಕಿನ ಮೂವರು ಜೂನಿಯರ್‌ಗಳನ್ನು ಸಾಲಾಗಿ ನಿಲ್ಲಿಸುತ್ತೇನೆ. ಮರ ಅಪ್ಪಿದಂತೆ ಕೈ, ಸಡಿಲ ಸೊಂಟ. ಹೋದ ತಿಂಗಳು ಸೇರಿದ ಹುಡುಗನ ತೊಡೆ ನಡುಗುತ್ತಿರುವುದು ಪ್ಯಾಂಟಿನ ಮೇಲೂ ಕಾಣುತ್ತದೆ. ಉಸಿರು ಕಟ್ಟಿಕೊಂಡೇ ಕೇಳುತ್ತಾನೆ, "ಎಷ್ಟಾಯ್ತು ಮೇಡಂ?"

"ಎರಡು ನಿಮಿಷ. ಭುಜ ಇಳಿಸು."