ತುಮಕೂರಿಗೆ ವರ್ಷಕ್ಕೊಬ್ಬ ಮೇಯರ್: ಈ ಪದ್ಧತಿ ಬಂದದ್ದು ಹೇಗೆ?

ಅಮೆರಿಕದ ಚಾರ್ಲ್ಸ್‌ಟನ್ ಎಂಬ ಊರಿಗೆ ಜೋಸೆಫ್ ರೈಲಿ 1975ರಲ್ಲಿ ಮೇಯರ್ ಆದರು. ಕುರ್ಚಿ ಬಿಟ್ಟದ್ದು 40 ವರ್ಷದ ಮೇಲೆ. ಅಷ್ಟು ದೂರ ಹೋಗುವುದೇ ಬೇಡ. ಇಂದೋರ್‌ನಲ್ಲಿ ಮೇಯರನ್ನು ಜನರೇ ಓಟು ಹಾಕಿ ಆರಿಸುತ್ತಾರೆ, ಅವಧಿ 5 ವರ್ಷ. ತಿರುವನಂತಪುರದಲ್ಲಿ ಕೌನ್ಸಿಲರ್‌ಗಳು ಆರಿಸುತ್ತಾರೆ, ಅಲ್ಲೂ 5 ವರ್ಷ. ತುಮಕೂರಿನವರಿಗೆ ಇದನ್ನೆಲ್ಲ ಹೇಳಿದರೆ ಆಶ್ಚರ್ಯವಾಗುತ್ತದೆ. ನಮ್ಮಲ್ಲಿ ಮೇಯರ್ ಅಂದರೆ ಒಂದು ವರ್ಷದ ಹುದ್ದೆ. ಅವರ ಹೆಸರು ಎಲ್ಲ ವಾರ್ಡ್‌ಗಳಿಗೂ ಪರಿಚಯವಾಗುವ ಹೊತ್ತಿಗೆ ಅವಧಿಯೇ ಮುಗಿದಿರುತ್ತದೆ.

ಇದು ತುಮಕೂರಿನ ಕಾರ್ಪೊರೇಟರ್‌ಗಳು ತಾವೇ ಮಾಡಿಕೊಂಡ ಏರ್ಪಾಡು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ, ಇದರ ಬೇರು ಕಾಯ್ದೆಯಲ್ಲಿದೆ. ಸ್ವಾತಂತ್ರ್ಯದ ಹೊಸದರಲ್ಲಿ ಬೆಂಗಳೂರಿಗೆ ಪಾಲಿಕೆ ಬಂತು. ಆಮೇಲೆ ರಾಜ್ಯದ ಎಲ್ಲ ಪಾಲಿಕೆಗಳಿಗೂ ಸೇರಿ 1976ರಲ್ಲಿ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ ಆಯಿತು. ಕಾರ್ಪೊರೇಟರ್‌ಗಳು ತಮ್ಮೊಳಗೆ ಒಬ್ಬರನ್ನು ಒಂದು ವರ್ಷಕ್ಕೆ ಮೇಯರ್ ಆಗಿ ಆರಿಸಬೇಕು ಎಂಬುದು ಅದರ ನಿಯಮ. ದಿನದಿನದ ಆಡಳಿತವನ್ನು ಅದೇ ಕಾಯ್ದೆ ಕಮಿಷನರ್ ಕೈಗೆ ಕೊಟ್ಟಿತು. ಮೇಯರ್ ಸಭೆ ನಡೆಸುತ್ತಾರೆ, ಊರಿನ ಪ್ರಥಮ ಪ್ರಜೆ ಎನಿಸಿಕೊಳ್ಳುತ್ತಾರೆ. ಫೈಲು ಓಡುವುದು ಮಾತ್ರ ಕಮಿಷನರ್ ಟೇಬಲ್ಲಿನಿಂದ.

1993ರ ಜೂನ್‌ನಲ್ಲಿ ಸಂವಿಧಾನದ 74ನೇ ತಿದ್ದುಪಡಿ ಜಾರಿಯಾಯಿತು. ನಗರಸಭೆ, ಪಾಲಿಕೆಗಳಿಗೆ 5 ವರ್ಷದ ಅವಧಿ ಗಟ್ಟಿಯಾಯಿತು. ಪರಿಶಿಷ್ಟರಿಗೆ, ಮಹಿಳೆಯರಿಗೆ ಮೀಸಲಾತಿ ಕಡ್ಡಾಯವಾಯಿತು. ನೀರು, ಕಸ, ರಸ್ತೆ, ಬೀದಿದೀಪ ಸೇರಿ 18 ವಿಷಯಗಳ ಪಟ್ಟಿಯೂ ಬಂತು. ಆದರೆ ಮೇಯರ್ ಎಷ್ಟು ದಿನ ಇರಬೇಕು ಎಂಬುದನ್ನು ಸಂವಿಧಾನ ಹೇಳಲಿಲ್ಲ. ಅದು ರಾಜ್ಯಗಳ ಪಾಲಿಗೆ ಉಳಿಯಿತು. ಕರ್ನಾಟಕದ ಪಾಲಿಕೆಗಳಲ್ಲಿ ಹಳೇ ಒಂದು ವರ್ಷವೇ ಮುಂದುವರಿಯಿತು.

ತುಮಕೂರಿನ ಕಥೆಯ ವಿಚಿತ್ರ ಶುರುವಾಗುವುದೇ ಇಲ್ಲಿಂದ. ಪಾಲಿಕೆಯಾಗುವ ಮುಂಚೆ ಇದು ನಗರಸಭೆ. ನಗರಸಭೆಗಳಿಗೆ ಬೇರೆ ಕಾಯ್ದೆ ಇದೆ, 1964ರದ್ದು. ಅದರ ಪ್ರಕಾರ ಅಧ್ಯಕ್ಷರ ಅವಧಿ ಈಗ 30 ತಿಂಗಳು. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲಾ ಕೇಂದ್ರಗಳಲ್ಲಿ ಇದೇ ಲೆಕ್ಕ. ನಮ್ಮದೇ ಜಿಲ್ಲೆಯ ತಿಪಟೂರು, ಶಿರಾದಲ್ಲೂ ಇದೇ ಲೆಕ್ಕ. 2010ರಲ್ಲಿ ತುಮಕೂರನ್ನು ಮಹಾನಗರ ಪಾಲಿಕೆ ಎಂದು ಘೋಷಿಸಿದರು. ಅದು ಕಾರ್ಯರೂಪಕ್ಕೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3 ಲಕ್ಷ ದಾಟಿತ್ತು. ಊರು ದೊಡ್ಡದಾಯಿತು, ಹೊಣೆಯೂ ಜಾಸ್ತಿಯಾಯಿತು, ಊರಿನ ಮುಖ್ಯಸ್ಥರ ಅವಧಿ ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಶಿರಾ ನಗರಸಭೆಯ ಅಧ್ಯಕ್ಷರಿಗೆ ಎರಡೂವರೆ ವರ್ಷ, ಅದಕ್ಕಿಂತ ಎಷ್ಟೋ ದೊಡ್ಡ ತುಮಕೂರಿನ ಮೇಯರ್‌ಗೆ ಒಂದೇ ವರ್ಷ. ಇದು ಸರಿಯಾ? ಯಾರೋ ಒಬ್ಬರು ಕೂತು ಹೀಗೇ ಆಗಲಿ ಅಂತ ತೀರ್ಮಾನಿಸಿದ್ದಲ್ಲ. ಎರಡು ಕಾಯ್ದೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಬೆಳೆದವು. ಮೇಲ್ದರ್ಜೆಗೆ ಏರಿದ ಊರು ಅವುಗಳ ಸಂದಿಗೆ ಸಿಕ್ಕಿತು.

2018ರ ಆಗಸ್ಟ್ 31ಕ್ಕೆ ಪಾಲಿಕೆ ಚುನಾವಣೆ ಆಯಿತು. 35 ವಾರ್ಡ್‌ಗಳಲ್ಲಿ ಬಿಜೆಪಿಗೆ 12, ಕಾಂಗ್ರೆಸ್‌ಗೆ 10, ಜೆಡಿಎಸ್‌ಗೆ 10, ಉಳಿದವರಿಗೆ 3. ಯಾರಿಗೂ ಬಹುಮತ ಇಲ್ಲ. ಮೇಯರ್ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಓಟಿದೆ, ಹಾಗಾಗಿ ಲೆಕ್ಕ ಇನ್ನಷ್ಟು ಸಿಕ್ಕು. ಇಂಥ ಸಭೆಯಲ್ಲಿ ಪ್ರತಿ ವರ್ಷ ಮೇಯರ್ ಚುನಾವಣೆ ಅಂದರೆ ಪ್ರತಿ ವರ್ಷವೂ ಹೊಸದಾಗಿ ಮೈತ್ರಿ, ಹೊಸದಾಗಿ ಮಾತುಕತೆ. ಸ್ಥಾಯಿ ಸಮಿತಿಗಳ ಅವಧಿಯೂ ಒಂದೇ ವರ್ಷ. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಲ್ಲದಕ್ಕೂ ಹೊಸಬರು ಬರುತ್ತಾರೆ. ಇಂಜಿನಿಯರ್ ಹಳಬರು, ಗುತ್ತಿಗೆದಾರರು ಹಳಬರು. ಪ್ರಶ್ನೆ ಕೇಳಬೇಕಾದವರು ಮಾತ್ರ ಹೊಸಬರು.

ಒಂದು ವರ್ಷದಲ್ಲಿ ಏನು ಮಾಡಲು ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ತಿಂಗಳಿಗೊಂದು ಸಭೆ ಅಂದರೆ ಒಬ್ಬ ಮೇಯರ್‌ಗೆ ಸಿಗುವುದು 12 ಸಾಮಾನ್ಯ ಸಭೆ. ವರ್ಷದ ಮೊದಲಲ್ಲಿ ಬಂದವರಿಗೆ ಬಜೆಟ್ ಹೆಚ್ಚುಕಡಿಮೆ ಸಿದ್ಧವಾಗಿ ಸಿಗುತ್ತದೆ. ಅದನ್ನು ಅವರು ಬರೆಸಿದ್ದಲ್ಲ. ಮುಂದಿನ ಬಜೆಟ್ ಬರುವಾಗ ಅವರು ಇರುವುದಿಲ್ಲ. ಒಂದು ಕಾಮಗಾರಿಗೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇಷ್ಟು ಮುಗಿಯುವಷ್ಟರಲ್ಲೇ ಅರ್ಧ ವರ್ಷ ಹೋಗಿರುತ್ತದೆ. ಅದರ ಮೇಲೆ ನೀತಿ ಸಂಹಿತೆ. 2019ರ ಮಾರ್ಚ್ 10ರಿಂದ ಮೇ ಕೊನೆವರೆಗೆ ಲೋಕಸಭೆ ಚುನಾವಣೆ ಕಾರಣಕ್ಕೆ ಹೊಸ ಕೆಲಸ ನಿಂತಿತು. 2020ರಲ್ಲಿ ಲಾಕ್‌ಡೌನ್. 2021ರಲ್ಲಿ ಎರಡನೇ ಅಲೆ. 2023ರ ಮಾರ್ಚ್ 29ರಿಂದ ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ. 12 ತಿಂಗಳಲ್ಲಿ ಎರಡು ತಿಂಗಳು ಹೀಗೆ ಕಳೆದರೆ ಉಳಿಯುವುದೆಷ್ಟು?

ಈ ಊರಿನ ಸಮಸ್ಯೆಗಳು ಒಂದು ವರ್ಷದಲ್ಲಿ ಮುಗಿಯುವ ಜಾತಿಯವಲ್ಲ. ಕುಡಿಯುವ ನೀರನ್ನೇ ತೆಗೆದುಕೊಳ್ಳಿ. ಹಿಂದೆ ಮೈದಾಳ ಕೆರೆ ಊರಿಗೆ ನೀರು ಕೊಡುತ್ತಿತ್ತು. ಊರು ಬೆಳೆದ ಮೇಲೆ ಹೇಮಾವತಿಯೇ ಗತಿ. ಗೊರೂರು ಜಲಾಶಯದ ನೀರು ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಬೇಕು. ಮಳೆಗಾಲದಲ್ಲಿ ತುಂಬಿಸಿಕೊಂಡದ್ದು ಬೇಸಿಗೆಗೆ ಆಗಬೇಕು. ಹೂಳು ತೆಗೆಸುವುದು, ಪೈಪು ಬದಲಿಸುವುದು, ಸೋರಿಕೆ ತಡೆಯುವುದು ಇವೆಲ್ಲ ಎರಡು ಮೂರು ಬೇಸಿಗೆ ಒಬ್ಬರೇ ಬೆನ್ನು ಹತ್ತಿ ಮಾಡಬೇಕಾದ ಕೆಲಸ. ಅಜ್ಜಗೊಂಡನಹಳ್ಳಿಯ ಕಸ ವಿಲೇವಾರಿ ಘಟಕವೂ ಹಾಗೆಯೇ. ಸುತ್ತಲ ಹಳ್ಳಿಯವರ ವಿರೋಧ ನ್ಯಾಯವಾದದ್ದು. ಅವರಿಗೆ ಕೊಟ್ಟ ಮಾತನ್ನು ನಡೆಸಬೇಕಾದವರು ಮುಂದಿನ ವರ್ಷ ಆ ಕುರ್ಚಿಯಲ್ಲಿ ಇರುವುದಿಲ್ಲ. ಆಗ ಹಳ್ಳಿಯವರು ಯಾರನ್ನು ಕೇಳಬೇಕು?

ಇದೇ ಕಾಲದಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯೂ ಬಂತು. 2016ರ ಸೆಪ್ಟೆಂಬರ್‌ನಲ್ಲಿ ತುಮಕೂರು ಪಟ್ಟಿಗೆ ಸೇರಿತು. ಯೋಜನೆಯಡಿ ಒಂದು ಊರಿಗೆ ಕೇಂದ್ರದಿಂದ 500 ಕೋಟಿ ರೂಪಾಯಿವರೆಗೆ, ಅಷ್ಟೇ ಪಾಲು ರಾಜ್ಯ ಮತ್ತು ಪಾಲಿಕೆ ಕಡೆಯಿಂದ. ಹಣ ಖರ್ಚು ಮಾಡಲು ಪ್ರತ್ಯೇಕ ಕಂಪನಿ, ಅದಕ್ಕೊಬ್ಬ ವ್ಯವಸ್ಥಾಪಕ ನಿರ್ದೇಶಕರು. ಆ ವರ್ಷಗಳಲ್ಲಿ ಊರಿನ ರಸ್ತೆಗಳನ್ನು ಅಗೆದದ್ದು, ಅಮಾನಿಕೆರೆ ಅಭಿವೃದ್ಧಿ, ಬಸ್ ನಿಲ್ದಾಣದ ಕೆಲಸ ಎಲ್ಲವನ್ನೂ ಜನ ನೋಡಿದ್ದಾರೆ. ಧೂಳು ಕುಡಿದವರು ದೂರು ಹೇಳಲು ಹೋದದ್ದು ತಮ್ಮ ಕಾರ್ಪೊರೇಟರ್ ಮನೆಗೆ. ಕೆಲಸ ಮಾತ್ರ ನಡೆಯುತ್ತಿದ್ದದ್ದು ಇನ್ನೊಂದು ಕಚೇರಿಯಿಂದ. ಮೂರು ನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತ ಮೇಯರ್ ಒಬ್ಬರಿದ್ದಿದ್ದರೆ ಒಳಚರಂಡಿ ಮುಗಿಸಿ ರಸ್ತೆ ಹಾಕಿ ಅಂತ ಹಟ ಹಿಡಿಯಬಹುದಿತ್ತು. ಹಟ ಹಿಡಿಯಲು ಅಧಿಕಾರದ ಜೊತೆ ಸಮಯವೂ ಬೇಕು.

ಒಂದು ವರ್ಷದ ಪರವಾಗಿ ಮಾತಾಡುವವರಿಗೂ ಗಟ್ಟಿ ಕಾರಣಗಳಿವೆ. ಮೀಸಲಾತಿ ರೋಸ್ಟರ್, ಅಂದರೆ ಕುರ್ಚಿ ಯಾವ ವರ್ಗಕ್ಕೆ ಎಂಬ ಸರದಿ, ಪ್ರತಿ ವರ್ಷ ತಿರುಗುವುದರಿಂದ ಹೆಚ್ಚು ಸಮುದಾಯಗಳಿಗೆ, ಹೆಚ್ಚು ಮಹಿಳೆಯರಿಗೆ ಕುರ್ಚಿ ಸಿಗುತ್ತದೆ. ಎಂದೂ ಆ ಕಡೆ ನೋಡಲೂ ಆಗದಿದ್ದ ಮನೆಗಳಿಂದ ಮೇಯರ್ ಬರುವುದು ಸಣ್ಣ ಮಾತಲ್ಲ. ದೀರ್ಘ ಅವಧಿ ಕೊಟ್ಟರೂ ಪಕ್ಷಗಳು ಅದನ್ನು ಒಳಗೊಳಗೇ ಹಂಚಿಕೊಳ್ಳುತ್ತವೆ. 30 ತಿಂಗಳಿರುವ ನಗರಸಭೆಗಳಲ್ಲಿ ಹತ್ತು ಹತ್ತು ತಿಂಗಳ ಒಪ್ಪಂದ, ನಡುವೆ ರಾಜೀನಾಮೆ ಎಲ್ಲ ಆಗಿವೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೂ ಕುರ್ಚಿ ಕೊಟ್ಟು ಕೆಲಸ ಮಾಡುವಷ್ಟು ದಿನ ಕೊಡದಿದ್ದರೆ ಅದು ಆ ಸಮುದಾಯಗಳಿಗೂ ಅನ್ಯಾಯವೇ ಅಲ್ವಾ? ಮೊದಲ ಸಲ ಗೆದ್ದ ಮಹಿಳೆಗೆ ಕಾಯ್ದೆ ಅರ್ಥವಾಗಲು, ಅಧಿಕಾರಿಗಳು ಮಾತು ಕೇಳಲು ಶುರು ಮಾಡಲು ಆರು ತಿಂಗಳು ಬೇಕು.

ಬೆಂಗಳೂರಿಗೆ ಈ ತೊಂದರೆ ಗೊತ್ತಾಗಿ, ಅಲ್ಲಿನ ಪಾಲಿಕೆಗೆಂದೇ ಮಾಡಿದ 2020ರ ಬಿಬಿಎಂಪಿ ಕಾಯ್ದೆಯಲ್ಲಿ ಮೇಯರ್ ಅವಧಿಯನ್ನು 30 ತಿಂಗಳು ಮಾಡಿದರು. ಆ ಕಾಯ್ದೆಯಡಿ ಚುನಾವಣೆಯೇ ನಡೆಯಲಿಲ್ಲ. ಅದರ ಜಾಗಕ್ಕೆ ಬಂದ ಗ್ರೇಟರ್ ಬೆಂಗಳೂರು ಕಾಯ್ದೆಯಲ್ಲೂ 30 ತಿಂಗಳೇ ಇದೆ. ತುಮಕೂರಿಗೂ ಅಷ್ಟಾದರೂ ಸಿಗಬೇಕು.

2024ರ ಆರಂಭದಲ್ಲಿ ಪಾಲಿಕೆಯ 5 ವರ್ಷ ಮುಗಿಯಿತು, ಸಭೆಯ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು. ಅವಧಿ ಮುಗಿಯುವ ಮುಂಚೆ ಹೊಸ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿದೆ. ಆದರೂ ಜನರೇ ಆರಿಸಿದ ಸಭೆ ಇಲ್ಲದೆ ಊರು ನಡೆಯಿತು. ವಾರ್ಡ್‌ನಲ್ಲಿ ನಲ್ಲಿ ನೀರು ಬರದಿದ್ದರೆ ಜನ ಕಾರ್ಪೊರೇಟರ್ ಮನೆ ಬಾಗಿಲ ಬದಲು ಕಚೇರಿ ಕೌಂಟರ್ ಮುಂದೆ ನಿಲ್ಲಬೇಕಾಯಿತು.