ಕಣ್ಣಿಗೆ ಬೀಳದ ಫಿಟ್ಸ್: ರೋಗಿಯ ಮಾತನ್ನು ವೈದ್ಯಶಾಸ್ತ್ರ ಕೇಳಿಸಿಕೊಂಡ ಬಗೆ

1888ರಲ್ಲಿ ಲಂಡನ್ನಿನ ನರರೋಗ ತಜ್ಞ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಅವರು 'ಬ್ರೇನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಐವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಐದನೆಯವರು ಸ್ವತಃ ವೈದ್ಯರು. ಅವರ ಹೆಸರನ್ನು ಮರೆಮಾಡಿ 'ಝಡ್' ಎಂದಷ್ಟೇ ಬರೆಯಲಾಗಿತ್ತು. ಎದೆಯ ತೊಂದರೆಯಿದ್ದ ಹುಡುಗನೊಬ್ಬನನ್ನು ಅವನ ತಾಯಿ ಒಂದು ದಿನ ಝಡ್ ಅವರ ಬಳಿ ಕರೆತಂದಿದ್ದರು. ಹುಡುಗ ಅಂಗಿ ಬಿಚ್ಚುತ್ತಿದ್ದಾಗ ಝಡ್ ಅವರಿಗೆ ತಮ್ಮ ಕಾಯಿಲೆಯ ಪರಿಚಿತ ಸೂಚನೆ ಕಾಣಿಸಿತು. ಮಾತು ತಪ್ಪಿಸಿಕೊಳ್ಳಲೆಂದು ಸ್ಟೆತಾಸ್ಕೋಪ್ ತೆಗೆದು ಸ್ವಲ್ಪ ಆಚೆ ತಿರುಗಿಕೊಂಡದ್ದು ಅವರ ನೆನಪಿನಲ್ಲಿದೆ. ಆಮೇಲಿನ ನೆನಪೆಂದರೆ ಅದೇ ಕೋಣೆಯ ಬರೆಯುವ ಮೇಜಿನ ಮುಂದೆ ಕುಳಿತು ಬೇರೆ ಯಾರೊಡನೆಯೋ ಮಾತನಾಡುತ್ತಿದ್ದುದು. ನಡುವೆ ಅವರು ಹುಡುಗನನ್ನು ಪರೀಕ್ಷಿಸಿ, ಎಡ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ ಎಂದು ಬರೆದು, ಕೂಡಲೇ ಹಾಸಿಗೆ ಹಿಡಿಯುವಂತೆ ಹೇಳಿಯೂ ಆಗಿತ್ತು. ಒಂದು ತಾಸಿನ ಬಳಿಕ ಕುತೂಹಲದಿಂದ ಮತ್ತೊಮ್ಮೆ ಪರೀಕ್ಷಿಸಿದಾಗ, ಎಚ್ಚರದಲ್ಲಿ ಮಾಡಿದ ರೋಗನಿರ್ಣಯವೂ ಎಚ್ಚರವಿಲ್ಲದೆ ಮಾಡಿದ್ದೂ ಒಂದೇ ಆಗಿದ್ದವು.

ಅಲ್ಲಿ ಯಾರೂ ನೆಲಕ್ಕೆ ಬೀಳಲಿಲ್ಲ, ಕೈಕಾಲು ಸೆಟೆಯಲಿಲ್ಲ, ಬಾಯಲ್ಲಿ ನೊರೆ ಬರಲಿಲ್ಲ. ಹುಡುಗನ ತಾಯಿಗೆ ಏನಾದರೂ ಅನುಮಾನ ಬಂದಿತ್ತೆಂಬ ಮಾತು ಆ ವೃತ್ತಾಂತದಲ್ಲಿಲ್ಲ. ಆದರೂ ಅದು ಅಪಸ್ಮಾರವೇ. ಮಿದುಳಿನ ಒಂದು ನಿರ್ದಿಷ್ಟ ಭಾಗದಲ್ಲಿ ಆರಂಭವಾಗಿ, ಮೊದಲ ಲಕ್ಷಣವಾಗಿ ಚಲನೆಯ ಬದಲು ಇಂದ್ರಿಯಾನುಭವವನ್ನೋ ಭಾವನೆಯನ್ನೋ ನೆನಪಿನ ಏರುಪೇರನ್ನೋ ತೋರುವ ಇಂಥ ಫಿಟ್ಸ್‌ಗೆ ವೈದ್ಯಶಾಸ್ತ್ರದಲ್ಲಿ ಒಂದು ನೆಲೆ ಸಿಗಲು ಬಹಳ ಕಾಲ ಹಿಡಿಯಿತು. ನೋಡುವವರ ಕಣ್ಣಿಗೆ ಏನೂ ಬೀಳದಿದ್ದಾಗ ರೋಗಿಯ ಮಾತೊಂದೇ ಸಾಕ್ಷಿಯಾಗುತ್ತದೆ. ಆ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯೇ ಈ ಇತಿಹಾಸದ ಉದ್ದಕ್ಕೂ ಸಾಗಿ ಬಂದಿದೆ.

ಪ್ರಾಚೀನರಿಗೆ ಈ ವಿಷಯ ತಿಳಿದಿರಲಿಲ್ಲವೆಂದಲ್ಲ. ಚರಕ ಸಂಹಿತೆಯು ಅಪಸ್ಮಾರವನ್ನು ವಿವರಿಸುವಾಗ ರೋಗಿಗೆ ಕಾಣುವ ರೂಪಗಳನ್ನೂ ದಾಖಲಿಸುತ್ತದೆ: ವಾತದ ಅಪಸ್ಮಾರದಲ್ಲಿ ಒರಟಾದ, ಕೆಂಪು ಮತ್ತು ಕಪ್ಪು ಬಣ್ಣದ ರೂಪಗಳು, ಪಿತ್ತದಲ್ಲಿ ಹಳದಿ ಮತ್ತು ರಕ್ತವರ್ಣದವು, ಕಫದಲ್ಲಿ ಬಿಳಿಯವು. ದೋಷಗಳ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಬಣ್ಣ ಯಾವುದೆಂದು ರೋಗಿಯನ್ನು ಯಾರೋ ಕೂರಿಸಿಕೊಂಡು ಕೇಳಿದ್ದಾರೆ ಎಂಬುದು ಇಲ್ಲಿ ಮುಖ್ಯ. ಗ್ರೀಕ್ ವೈದ್ಯ ಗ್ಯಾಲೆನ್ ಕೂಡ ಹದಿಮೂರು ವರ್ಷದ ಬಾಲಕನೊಬ್ಬನ ಹೇಳಿಕೆಯನ್ನು ಬರೆದಿಟ್ಟಿದ್ದಾನೆ. ಬಾಲಕನಿಗೆ ಮೊದಲು ಕಣಕಾಲಿನಲ್ಲಿ ಏನೋ ಆಗಿ, ಅದು ತೊಡೆ, ಪಕ್ಕೆ, ಕುತ್ತಿಗೆಗಳ ಮೂಲಕ ತಲೆಗೇರುತ್ತಿತ್ತು. ಆದರೆ ಇವೆಲ್ಲವೂ ಮುನ್ಸೂಚನೆಗಳೆಂದೇ ಪರಿಗಣಿತವಾದವು. ನಿಜವಾದ ರೋಗವೆಂದರೆ ಆಮೇಲೆ ಬರುವ ಬೀಳುವಿಕೆ ಮತ್ತು ಸೆಳೆತ ಎಂಬ ಭಾವನೆ ಗಟ್ಟಿಯಾಗಿಯೇ ಉಳಿಯಿತು.

ಈ ಕ್ರಮವನ್ನು ತಲೆಕೆಳಗು ಮಾಡಿದವರು ಜಾಕ್ಸನ್. ಮಿದುಳಿನ ಬೂದು ದ್ರವ್ಯದ ಯಾವುದೋ ಒಂದೆಡೆ ಹಠಾತ್ತಾಗಿ, ಅತಿಯಾಗಿ ಆಗುವ ನರಶಕ್ತಿಯ ವಿಸರ್ಜನೆಯೇ ಅಪಸ್ಮಾರವೆಂದು ಅವರು 1870ರ ದಶಕದಲ್ಲಿ ಪ್ರತಿಪಾದಿಸಿದರು. ಹಾಗಿದ್ದಲ್ಲಿ ಮೊದಲು ಬರುವ ಅನುಭವ ಕೇವಲ ಮುನ್ಸೂಚನೆಯಲ್ಲ, ಅದೇ ಫಿಟ್ಸ್‌ನ ಆರಂಭ, ಮತ್ತು ಅದು ಎಲ್ಲಿಂದ ಹೊರಟಿತೆಂಬುದರ ಗುರುತು. ಇಲ್ಲದ ದುರ್ವಾಸನೆ ಮೂಗಿಗೆ ಬಡಿಯುವುದು, ಈಗ ನಡೆಯುತ್ತಿರುವುದೆಲ್ಲ ಹಿಂದೊಮ್ಮೆ ನಡೆದಿತ್ತೆನ್ನಿಸುವುದು, ಕನಸಿನೊಳಗೆ ಕಾಲಿಟ್ಟಂತಾಗುವುದು ಇವೆಲ್ಲ ಜೊತೆಜೊತೆಯಾಗಿ ಬರುವುದನ್ನು ಅವರು ಗಮನಿಸಿದರು. ಝಡ್ 1894ರಲ್ಲಿ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳಿನ ಎಡ ಕಪೋಲಭಾಗದ (ಕಿವಿಯ ಬದಿಗಿರುವ ಟೆಂಪೊರಲ್ ಲೋಬ್) ಒಳಮಗ್ಗುಲಿನಲ್ಲಿ, ಅಂಕಸ್ ಎಂಬ ಮಡಿಕೆಯಲ್ಲಿ, ಒಂದು ಸಣ್ಣ ಗಾಯ ಸಿಕ್ಕಿತು. ಜಾಕ್ಸನ್ ಮತ್ತು ಕೋಲ್ಮನ್ 1898ರಲ್ಲಿ ಅದನ್ನು ವರದಿ ಮಾಡಿದರು. ಆ ವೈದ್ಯರು ಆರ್ಥರ್ ಥಾಮಸ್ ಮೈಯರ್ಸ್ ಎಂಬುದು 1980ರಲ್ಲಷ್ಟೇ ಬಹಿರಂಗವಾಯಿತು.

ಮುಂದಿನ ಅಧ್ಯಾಯ ಯಂತ್ರಗಳದ್ದು. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯರ ಇಇಜಿಯನ್ನು, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆಯನ್ನು, ಪ್ರಕಟಿಸಿದ ಮೇಲೆ, ಅಮೆರಿಕದ ಗಿಬ್ಸ್ ದಂಪತಿ ಮತ್ತು ವಿಲಿಯಂ ಲೆನಾಕ್ಸ್ ಇಂಥ ರೋಗಿಗಳಲ್ಲಿಯೂ ವಿದ್ಯುತ್ ಏರುಪೇರುಗಳನ್ನು ಕಂಡರು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರು ಎಚ್ಚರವಾಗಿರುವ ರೋಗಿಗಳ ಮಿದುಳನ್ನು ತೆರೆದು, ಕಪೋಲಭಾಗಕ್ಕೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು, ಅವರಿಗೆ ಫಿಟ್ಸ್‌ನಲ್ಲಿ ಬರುತ್ತಿದ್ದ ಅನುಭವಗಳನ್ನೇ ಮತ್ತೆ ಹುಟ್ಟಿಸಿದರು. ರೋಗಿ ಹೇಳುತ್ತಿದ್ದುದು ಕಟ್ಟುಕಥೆಯಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿರಲಿಲ್ಲ. ಆದರೆ ಇಇಜಿಯಿಂದ ಇನ್ನೊಂದು ಬಗೆಯ ತೊಂದರೆಯೂ ಆಯಿತೆಂದು ಹೇಳಲೇಬೇಕು. ಮಿದುಳಿನ ಆಳದಲ್ಲಿ, ಸಣ್ಣ ಜಾಗದಲ್ಲಿ ಮುಗಿದುಹೋಗುವ ಫಿಟ್ಸ್ ತಲೆಬುರುಡೆಯ ಮೇಲಿನ ತಂತಿಗಳಿಗೆ ಬಹಳಷ್ಟು ಸಲ ಸಿಗುವುದೇ ಇಲ್ಲ. ಹೀಗಾಗಿ 'ಇಇಜಿ ನಾರ್ಮಲ್ ಇದೆ' ಎಂಬ ವರದಿ ಕಾಯಿಲೆಯೇ ಇಲ್ಲವೆಂಬ ತೀರ್ಪಿನಂತೆ ಕೈಗೆ ಬರತೊಡಗಿತು.

ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಲೀಗ್ 1981ರಲ್ಲಿ ಒಪ್ಪಿದ ವರ್ಗೀಕರಣದಲ್ಲಿ, ಮಿದುಳಿನ ಒಂದು ಭಾಗದಿಂದ ಹೊರಡುವ ಫಿಟ್ಸ್‌ಗೆ, ಎಚ್ಚರ ತಪ್ಪದಿದ್ದರೆ 'ಸರಳ ಆಂಶಿಕ', ತಪ್ಪಿದರೆ 'ಸಂಕೀರ್ಣ ಆಂಶಿಕ' ಎಂಬ ವಿಭಾಗವಿತ್ತು. ದಿನಕ್ಕೆ ಹಲವು ಬಾರಿ ಕಾರಣವಿಲ್ಲದೆ ಪ್ರಾಣಭಯದಿಂದ ನಡುಗುವವನ ಅನುಭವದಲ್ಲಿ ಸರಳವಾದದ್ದೇನೂ ಇರಲಿಲ್ಲ. 2017ರ ಪರಿಷ್ಕರಣೆಯು ಆ ಹೆಸರುಗಳನ್ನು ಕೈಬಿಟ್ಟು, ಆರಂಭದಲ್ಲಿ ಚಲನೆಯ ಲಕ್ಷಣವಿದೆಯೇ ಇಲ್ಲವೇ ಎಂಬುದನ್ನೇ ಒಂದು ಗೆರೆಯಾಗಿ ಎಳೆಯಿತು. ಚಲನೆಯಿಲ್ಲದೆ ಆರಂಭವಾಗುವವುಗಳಲ್ಲಿ ಐದು ಬಗೆಗಳನ್ನು ಗುರುತಿಸಲಾಯಿತು: ಹೊಟ್ಟೆಯಿಂದ ಏನೋ ಮೇಲೇರಿದಂತಾಗುವ, ಮೈ ಜುಮ್ಮೆನ್ನುವ ಸ್ವಾಯತ್ತ ನರಮಂಡಲದ ಲಕ್ಷಣಗಳು, ಮಾಡುತ್ತಿದ್ದ ಕೆಲಸ ಹಾಗೆಯೇ ನಿಂತುಹೋಗುವುದು, ಮಾತು ಅರ್ಥವಾಗದಿರುವಂಥ ಗ್ರಹಿಕೆಯ ತೊಡಕು, ಭಯ ಅಥವಾ ಹರ್ಷದಂಥ ಭಾವನೆ, ಬೆಳಕು, ಸದ್ದು, ವಾಸನೆ, ರುಚಿ, ಸ್ಪರ್ಶಗಳ ಅನುಭವ. ಎದ್ದು ಕಾಣುವ ಮೊದಲ ಲಕ್ಷಣ ಯಾವುದೋ ಅದರಿಂದಲೇ ಫಿಟ್ಸ್‌ಗೆ ಹೆಸರು ಎಂಬ ನಿಯಮ ಬಂದದ್ದರಿಂದ, ಭಯದಿಂದ ಆರಂಭವಾಗಿ ಆಮೇಲೆ ಒಂದು ಕೈಯ ಸೆಳೆತಕ್ಕೆ ತಿರುಗಿದ್ದೂ ಚಲನೆಯಿಲ್ಲದ ಆರಂಭದ ಗುಂಪಿಗೇ ಸೇರಿತು. 2025ರಲ್ಲಿ ಲೀಗ್ ಮತ್ತೊಮ್ಮೆ ವರ್ಗೀಕರಣವನ್ನು ತಿದ್ದಿ, ಫಿಟ್ಸ್‌ನ ಒಟ್ಟು ಬಗೆಗಳ ಸಂಖ್ಯೆಯನ್ನು 63ರಿಂದ 21ಕ್ಕೆ ಇಳಿಸಿತು ಮತ್ತು ಚಲನೆಯ ಬದಲಿಗೆ 'ಹೊರಗೆ ಕಾಣುವ ಲಕ್ಷಣಗಳಿವೆಯೇ' ಎಂಬ ಪ್ರಶ್ನೆಯನ್ನಿಟ್ಟಿತು. ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಪ್ರಾಮಾಣಿಕ. ಕಾಣದಿರುವುದು ನೋಡುವವರ ಮಿತಿಯೇ ಹೊರತು ಕಾಯಿಲೆಯ ಸೌಮ್ಯತೆಯಲ್ಲ ಎಂಬುದನ್ನು ಅದು ಒಪ್ಪಿಕೊಂಡಂತಿದೆ.

ಈ ವಿಂಗಡಣೆಯಿಂದ ಆಗುವ ಉಪಯೋಗವೇನೆಂಬುದನ್ನು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹೊಸದಾಗಿ ಚಿಕಿತ್ಸೆ ಆರಂಭಿಸಿದ 447 ಮಂದಿಯ ಹಿಂದಿನ ದಾಖಲೆಗಳನ್ನು ಪರಿಶೀಲಿಸಿದಾಗ, ಚಲನೆಯಿಲ್ಲದ ಫಿಟ್ಸ್‌ನಿಂದ ಕಾಯಿಲೆ ಆರಂಭವಾದವರಲ್ಲಿ ರೋಗನಿರ್ಣಯಕ್ಕೆ ಸುಮಾರು ಹತ್ತು ಪಟ್ಟು ಹೆಚ್ಚು ಕಾಲ ಹಿಡಿದಿತ್ತು. ರೋಗ ಪತ್ತೆಯಾಗುವ ಮುನ್ನ ನಡೆದ ವಾಹನ ಅಪಘಾತಗಳಲ್ಲಿ ಹೆಚ್ಚಿನವೂ ಇವರದ್ದೇ ಆಗಿದ್ದವು. ಕಾರಣ ಊಹಿಸಲು ಕಷ್ಟವಿಲ್ಲ. ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಮುಗಿಯುವ ಭಯ ಆತಂಕದ ಕಾಯಿಲೆಯಂತೆ, ಹೊಟ್ಟೆಯಿಂದ ಮೇಲೇರುವ ಸಂಕಟ ಗ್ಯಾಸ್ಟ್ರಿಕ್‌ನಂತೆ, ಕಣ್ಣ ಮುಂದಿನ ಬಣ್ಣದ ಚುಕ್ಕೆಗಳು ಮೈಗ್ರೇನ್‌ನಂತೆ ಕಾಣುತ್ತವೆ.

ಕರ್ನಾಟಕದ ಮಟ್ಟಿಗೆ ಈ ಕಥೆ ಬಚ್ಚಲುಮನೆಯಲ್ಲಿ ನಡೆಯಿತು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಫಿಟ್ಸ್ ನ್ಯೂಜಿಲೆಂಡಿನಿಂದ 1945ರಲ್ಲಿಯೇ ವರದಿಯಾಗಿದ್ದರೂ, ಅದು ಇಷ್ಟು ವ್ಯಾಪಕವಾಗಿರುವುದು ತಿಳಿದದ್ದು ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಹೋದ್ಯೋಗಿಗಳು 1968ರಿಂದ ಬರೆಯತೊಡಗಿದ ಮೇಲೆ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದಾಗ, ಮೂರರಲ್ಲಿ ಎರಡು ಪಾಲು ಜನರ ಫಿಟ್ಸ್ ಮಿದುಳಿನ ಒಂದು ಭಾಗದಿಂದ ಹೊರಡುವ ಬಗೆಯದಾಗಿತ್ತು. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಯ ಮೇಲೆ ಹೊಯ್ದುಕೊಳ್ಳುತ್ತಿರುವಾಗ ನೋಟ ಮಂಕಾಗುತ್ತದೆ, ಇದ್ದಕ್ಕಿದ್ದಂತೆ ಹೆದರಿಕೆಯಾಗುತ್ತದೆ, ಇಲ್ಲದ್ದು ಕಾಣುತ್ತದೆ ಅಥವಾ ಕೇಳುತ್ತದೆ, ಮಾತು ಸಂಬಂಧವಿಲ್ಲದ್ದಾಗುತ್ತದೆ. ಕೆಲವರಿಗೆ ಆ ಕ್ಷಣ ಹಿತವೆನಿಸಿ, ಎಚ್ಚರ ತಪ್ಪುವವರೆಗೂ ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಬಾಗಿಲು ಹಾಕಿಕೊಂಡು ಒಬ್ಬರೇ ಸ್ನಾನ ಮಾಡುವ ವಯಸ್ಸಿನವರಲ್ಲಿ ಇದು ಎಷ್ಟು ಕಾಲ ಗುಟ್ಟಾಗಿಯೇ ಉಳಿದೀತೆಂದು ಬೇರೆ ಹೇಳಬೇಕಿಲ್ಲ. ಪರಿಹಾರ ಮಾತ್ರ ಅನೇಕರಿಗೆ ಸುಲಭವಾಗಿಯೇ ಸಿಕ್ಕಿತು: ನೀರಿನ ಬಿಸಿ ತಗ್ಗಿಸುವುದು, ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ತಾಸು ಮೊದಲು ವೈದ್ಯರ ಸೂಚನೆಯಂತೆ ಕ್ಲೋಬಜಾಮ್ ಎಂಬ ಫಿಟ್ಸ್ ತಡೆಯುವ ಔಷಧಿ ತೆಗೆದುಕೊಳ್ಳುವುದು. ಬಿಸಿನೀರಿಲ್ಲದೆಯೂ ಫಿಟ್ಸ್ ಬರುವವರಿಗೆ ಮಾತ್ರ ದಿನವೂ ಔಷಧಿ ಬೇಕಾಗುತ್ತದೆ.

ಔಷಧಿಗೆ ಬಗ್ಗದ ಕಪೋಲಭಾಗದ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ. ಕೆನಡಾದಲ್ಲಿ 80 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 58 ಮಂದಿಗೆ ಎಚ್ಚರ ತಪ್ಪಿಸುವ ಫಿಟ್ಸ್ ನಿಂತಿತ್ತು. ಔಷಧಿಯ ಗುಂಪಿನಲ್ಲಿ ಆ ಪ್ರಮಾಣ ಶೇ. 8 ಮಾತ್ರ. ಆದರೆ ಆ ಹಂತಕ್ಕೆ ಬರಬೇಕಾದರೂ ಕಾಯಿಲೆ ಎಲ್ಲಿಂದ ಹೊರಡುತ್ತದೆಂದು ತಿಳಿಯಬೇಕು, ಅದಕ್ಕೆ ಎಂಆರ್‌ಐ ಮತ್ತು ವಿಡಿಯೋ ಇಇಜಿಗಳ ಜೊತೆಗೆ ಮೊದಲ ಕ್ಷಣದ ಅನುಭವದ ವಿವರವೂ ಬೇಕು.

ಫಿಟ್ಸ್ ಬಂದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ ಎಂದು ಈಗ ವೈದ್ಯರು ಮನೆಯವರಿಗೆ ಹೇಳುವುದುಂಟು, ಅದು ಒಳ್ಳೆಯ ಸಲಹೆಯೇ. ಆದರೆ ಈ ಬಗೆಯ ಫಿಟ್ಸ್‌ನಲ್ಲಿ ಕ್ಯಾಮೆರಾಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಶೂನ್ಯ ನೋಟ, ಚಪ್ಪರಿಸುವ ಬಾಯಿ, ಅಂಗಿಯ ಗುಂಡಿಯನ್ನು ತಡವುವ ಬೆರಳು. ಮೊದಲ ಸಲ ಮೈಯೆಲ್ಲ ಸೆಳೆತ ಬಂದು ತುರ್ತು ಚಿಕಿತ್ಸಾ ಘಟಕಕ್ಕೆ ಬಂದವರಲ್ಲಿ ಎಷ್ಟೋ ಮಂದಿಗೆ ಅದು ನಿಜವಾಗಿ ಮೊದಲನೆಯದಾಗಿರುವುದಿಲ್ಲ. ಕಳೆದ ತಿಂಗಳುಗಳಲ್ಲಿ ಒಂದೇ ಬಗೆಯ ವಾಸನೆ, ಒಂದೇ ಬಗೆಯ ಭಯ, ಹಿಂದೆ ನಡೆದದ್ದೇ ಮತ್ತೆ ನಡೆದಂಥ ಭಾವ ಆಗಾಗ ಬಂದು ಒಂದೆರಡು ನಿಮಿಷದಲ್ಲಿ ಹೋಗುತ್ತಿತ್ತೇ, ನಡುವೆ ಏನಾಯಿತೆಂಬ ನೆನಪು ತಪ್ಪುತ್ತಿತ್ತೇ ಎಂದು ಆಗ ಕೇಳಬೇಕಾಗುತ್ತದೆ. ಉತ್ತರ ಹೌದಾದರೆ ಅದು ಒಂಟಿ ಫಿಟ್ಸ್ ಅಲ್ಲ, ಚಿಕಿತ್ಸೆ ಆರಂಭಿಸಬೇಕಾದ ಅಪಸ್ಮಾರವಾಗಿರುವ ಸಾಧ್ಯತೆಯೇ ಹೆಚ್ಚು, ಮತ್ತು ರೋಗಿ ವಾಹನ ಓಡಿಸುವುದನ್ನು ಆ ದಿನದಿಂದಲೇ ನಿಲ್ಲಿಸಬೇಕಾಗುತ್ತದೆ.